ಅಕ್ಕನ ಪಾಲಿನ ಬೆನ್ನು

"ಎಣ್ಣಿ ಬಟ್ಲ ಇತ್ಲಾಗ ಕೊಡ್ರಿ ವದಿನಾ," ಎನ್ನುತ್ತ ಉಮಾಮಹೇಶ್ವರಿ ಗಂಡನ ಅಕ್ಕ ಕೊಂಡಮ್ಮನ ಕೈಯಿಂದ ಬಟ್ಟಲನ್ನು ಕಿತ್ತುಕೊಂಡೇಬಿಟ್ಟಳು. ಅರ್ಧ ಎಣ್ಣೆ ಅಂಗಳದ ಪಾಲಾಯಿತು.

ಉಮಾಳ ಗಂಡ, ನಿವೃತ್ತ ಕ್ಯಾಪ್ಟನ್ ಆಂಜಿನೇಯನನ್ನು ಕೊನೆಯ ಸ್ನಾನಕ್ಕೆಂದು ಹಲಗೆಯ ಮೇಲೆ ಮಲಗಿಸಿ ಸುತ್ತ ಸೀರೆ ಮರೆ ಕಟ್ಟಿದ್ದರು. ಆದವಾನಿಯಿಂದ ಬಂದಿದ್ದ ಮಾಜಿ ಸೈನಿಕರು ಧ್ವಜ ಹಿಡಿದು ಬೀದಿಯಲ್ಲಿ ಕಾಯುತ್ತಿದ್ದರು.

ಮರೆಯಾಚೆಯಿಂದ ಆಂಜಿನೇಯನ ಚಿಕ್ಕಪ್ಪ ನರಸಪ್ಪ ಗದರಿದ: "ಏನಮ್ಮಾ ಇದು? ಎಣ್ಣಿ ಹಚ್ಚಾಕಿ ಒಡಹುಟ್ಟಿದಾಕಿ. ಹೆಂಡ್ತಿ ಹಚ್ಚಾದು ನಮ್ಮಲ್ಲಿ ಇಲ್ಲ."

"ಇವತ್ತಿಂದ ಐತಿ ಅನ್ಕೋರಿ ಮಾವಾ."

*

ಆಂಜಿನೇಯ ಸಿಪಾಯಿಯಾಗಿ ಸೇರಿ, ಪರೀಕ್ಷೆ ಬರೆದು ಅಧಿಕಾರಿಯಾದವನು. ಗಡಿಯ ಠಾಣೆಯಲ್ಲಿ ಡೀಸೆಲ್ ಶೆಡ್ಡಿಗೆ ಬೆಂಕಿ ಬಿದ್ದಾಗ ಒಳಗೆ ಸಿಕ್ಕಿಬಿದ್ದ ಇಬ್ಬರನ್ನು ಎಳೆದು ತಂದ. ಅವರು ಉಳಿದರು, ಇವನ ಬೆನ್ನು ಕುತ್ತಿಗೆಯಿಂದ ಸೊಂಟದವರೆಗೆ ಬೆಂದುಹೋಯಿತು. ಡಾಕ್ಟರರು ತೊಡೆಯ ಚರ್ಮ ತೆಗೆದು ಬೆನ್ನಿಗೆ ಹೊಂದಿಸಿದರು. ಉಳಿಯುವುದಿಲ್ಲ ಎಂದವರ ಎದುರೇ ಎದ್ದು ನಡೆದು ಮತ್ತೆ ಸಮವಸ್ತ್ರ ತೊಟ್ಟ.

ಆಸ್ಪತ್ರೆಯಿಂದ ತನ್ನೂರು ಮಾಧವರಂಗೆ ಬಂದ ದಿನವೇ ಹೆಂಡತಿಗೆ ಹೇಳಿದ್ದ: "ನೀ ನನ್ನ ಮುಖ ನೋಡ್ಕಂಡಿರು ಉಮಾ. ಬೆನ್ನು ಅಕ್ಕ ನೋಡ್ಕಂತಾಳ."

ಪ್ರೀತಿಯಿಂದಲೇ ಹೇಳಿದ್ದ. ಆದರೆ ಅವಳಿಗೆ ಅದನ್ನು ಸಹಿಸಲಾಗಲಿಲ್ಲ. ರಜೆಗೆ ಬಂದಾಗಲೂ ನಿವೃತ್ತನಾದ ಮೇಲೂ ಬೆಳಿಗ್ಗೆಯಾದರೆ ಬೆನ್ನಿಗೆ ಎಣ್ಣೆ ಹಚ್ಚಲೆಂದು ಕೋಣೆಯ ಬಾಗಿಲು ಮುಚ್ಚುತ್ತಿತ್ತು. ಒಳಗೆ ಅಕ್ಕ ತಮ್ಮನ ಪಿಸುಮಾತು, ನಡುನಡುವೆ ನಗು. ಇವಳು ಒಲೆಯ ಮುಂದೆ ಬೇಕೆಂದೇ ಜೋರಾಗಿ ರೊಟ್ಟಿ ಬಡಿಯುತ್ತಿದ್ದಳು. ಬೆಂಕಿಗಿಳಿದದ್ದಕ್ಕೆ ಅವನಿಗೆ ಸಿಕ್ಕ ಪದಕವನ್ನು ಊರು ಹೊಗಳಿದರೆ ಅವಳಿಗೇನೂ ಅನ್ನಿಸುತ್ತಿರಲಿಲ್ಲ. ಗಂಡ ಸತ್ತು ತವರು ಸೇರಿದ್ದ ಕೊಂಡಮ್ಮ ಕೊಬ್ಬರಿ ಎಣ್ಣೆಯ ಕೈ ಒರೆಸಿಕೊಳ್ಳುತ್ತ ಹೊರಬಂದರೆ ಮಾತ್ರ ಆಕೆಯ ಮುಖ ನೋಡಲೂ ಮನಸ್ಸಾಗುತ್ತಿರಲಿಲ್ಲ.

*

"ಹೋಗ್ಲಿ ಬಿಡು ಚಿಕ್ಕಪ್ಪಾ, ಆಕೀನ ಹಚ್ಚಲಿ," ಎಂದಳು ಕೊಂಡಮ್ಮ.

ಇಬ್ಬರೂ ಸೇರಿ ಅವನನ್ನು ಮಗ್ಗುಲಾಗಿಸಿದರು. ಸುಕ್ಕುಗಟ್ಟಿ, ಅಲ್ಲಲ್ಲಿ ಗಂಟಾಗಿ ಹೊಳೆಯುತ್ತಿದ್ದ ಬೆನ್ನನ್ನು ಉಮಾ ಮೊದಲ ಸಲ ನೋಡಿದಳು. ಹೆದರಿಕೆ ಬರಲಿಲ್ಲ. ಇಷ್ಟನ್ನೇನಾ ನನ್ನಿಂದ ಬಚ್ಚಿಟ್ಟಿದ್ದು ಎಂದು ಸಿಟ್ಟು ಬಂತು.

"ಎಲ್ಲಿ ಜಾಸ್ತಿ ನೋಯ್ತಿತ್ರಿ?"

"ಎಡಗಡಿ, ಭುಜದ ಕೆಳಗ. ಅಲ್ಲಿ ಮುಟ್ಟಿದ್ರ ಅಳ್ತಿದ್ದ."

"ಅಳ್ತಿದ್ನಾ? ನಿಮ್ಮ ಮುಂದ?"

ಕೊಂಡಮ್ಮ ತಲೆ ತಗ್ಗಿಸಿದಳು. ಅವನ ಅಳುವೂ ಅವಳ ಪಾಲಿಗೇ ಹೋಗಿತ್ತು. ಉಮಾ ಅಂಗೈ ತುಂಬ ಎಣ್ಣೆ ಸುರಿದುಕೊಂಡು ಅದೇ ಜಾಗದಲ್ಲಿ ಊರಿದಳು. ಅಭ್ಯಾಸಬಲದಿಂದ ಕೊಂಡಮ್ಮನ ಕೈಯೂ ಮುಂದೆ ಬಂತು. ಉಮಾ ಅದನ್ನು ಮೊಣಕೈಯಿಂದ ತಳ್ಳಿದಳು.

ಸ್ನಾನವಾಯಿತು. ಧ್ವಜ ಹೊದಿಸಿ ಒಯ್ದರು. ಮಣ್ಣು ಮಾಡಿ ಬಂದವರೆಲ್ಲ ಬಾಗಿಲಲ್ಲಿ ಕೈಕಾಲು ತೊಳೆದುಕೊಂಡರು.

ಕೊಂಡಮ್ಮ ಚೆಂಬು ಹಿಡಿದು ಬಾಗಿದಳು. "ಕೈ ಚಾಚು ಉಮಾ, ಸೀಗೆಪುಡಿ ಹಾಕ್ತೀನಿ. ಎಣ್ಣಿ ಹೋಗಲಿ."

ಉಮಾ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, ಕಂಕುಳಲ್ಲಿ ಬಿಗಿಯಾಗಿ ಅವುಚಿಕೊಂಡು, ಗೋಡೆಯತ್ತ ತಿರುಗಿ ಕುಳಿತಳು.