ತೊಳೆಯದೆ ಉಳಿದ ರಕ್ತ

ಪ್ರಯೋಗಶಾಲೆಯಲ್ಲಿ ಆತನನ್ನು ಎಲ್ಲರೂ ‘ತಕ್ಕಡಿ’ ಎಂದೇ ಕರೆಯುತ್ತಿದ್ದರು. ಇಲಿಯ ಮಿದುಳನ್ನು ಎರಡು ಹೋಳು ಮಾಡಿ, ಒಂದೊಂದರಲ್ಲಿ ಬೆಳವಣಿಗೆಯ ಹಾರ್ಮೋನು ಎಷ್ಟಿದೆಯೆಂದು ಅಳೆಯುವುದು ಆತನ ಮೂವತ್ತು ವರ್ಷದ ಕಸುಬು.

ರಕ್ತದಲ್ಲಿ ಹರಿಯುವ ಆ ಹಾರ್ಮೋನನ್ನು ಮಿದುಳು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ರಕ್ತನಾಳದ ಗೋಡೆಯೇ ಅಡ್ಡ. ಮಿದುಳಿನ ಯಾವ ಭಾಗ ದುಡಿಯುತ್ತದೆಯೋ ಅಲ್ಲಿ ಮಾತ್ರ ಗೋಡೆ ದಾರಿ ಬಿಡುತ್ತದೆ ಎಂಬುದು ಮುಖ್ಯಸ್ಥೆಯ ವಾದ. ಅದಕ್ಕಾಗಿ, ಮಿದುಳಿನ ಒಂದು ಹೋಳು ಮಾತ್ರ ದುಡಿಯುವಂತೆ, ಇಲಿಯ ಒಂದೇ ಕಡೆಯ ಮೀಸೆಯನ್ನು ಕುಂಚದಿಂದ ಸವರುತ್ತಿದ್ದರು. ದುಡಿದ ಹೋಳಿನಲ್ಲಿ ಹಾರ್ಮೋನು ಶೇಕಡಾ ನಲವತ್ತು ಹೆಚ್ಚು ಸಿಕ್ಕಿತು. ಆ ನಲವತ್ತರ ಬಲದಿಂದ, ಪಾರ್ಶ್ವವಾಯು ಬಡಿದ ಇಪ್ಪತ್ತು ಮಂದಿಗೆ ಆ ಹಾರ್ಮೋನಿನದೇ ಚುಚ್ಚುಮದ್ದು ಕೊಟ್ಟು, ಮಿದುಳು ಚೇತರಿಸುತ್ತದೆಯೇ ಎಂದು ನೋಡಲು ಅನುಮತಿ ದೊರೆಯಿತು. ಪಟ್ಟಿಯಲ್ಲಿ ಹನ್ನೊಂದನೆಯವಳು ತಕ್ಕಡಿಯ ಹೆಂಡತಿ. ಎರಡು ವರ್ಷದಿಂದ ಆಕೆಗೆ ಬಲಗೈ ಸ್ವಾಧೀನವಿಲ್ಲ, ಮಾತಿಲ್ಲ.

ಮಿದುಳನ್ನು ತೆಗೆಯುವ ಮುನ್ನ ನಾಳಗಳಲ್ಲಿನ ರಕ್ತವನ್ನು ಹನ್ನೆರಡು ನಿಮಿಷ ಉಪ್ಪುನೀರಿನಿಂದ ತೊಳೆಯಬೇಕು. ನಲವತ್ತು ಇಲಿಗೆ ನಲವತ್ತು ಸೀಸೆ ನೀರು. ಅನುಮತಿ ಬಂದ ಮೇಲೆ ಒಂದು ದಿನ ತಕ್ಕಡಿ ಕಪಾಟಿನ ಸೀಸೆಗಳನ್ನು ಎಣಿಸಿದ. ಖಾಲಿಯಾಗಿದ್ದದ್ದು ಹದಿನಾಲ್ಕೇ. ಯಾರನ್ನೂ ಕೇಳಬೇಕಾಗಿರಲಿಲ್ಲ. ಮಧ್ಯಾಹ್ನ ಹೆಂಡತಿಗೆ ಉಣಿಸಲು ಓಡುವ ಆತುರದಲ್ಲಿ, ನೀರು ಕಣ್ಣಿಗೆ ತಿಳಿಯಾದರೆ ಸಾಕೆಂದು ನಾಲ್ಕೇ ನಿಮಿಷಕ್ಕೆ ನಿಲ್ಲಿಸುತ್ತಿದ್ದವನು ತಾನೇ. ದುಡಿಯುವ ಭಾಗಕ್ಕೆ ರಕ್ತ ಹೆಚ್ಚು ನುಗ್ಗುತ್ತದೆ. ಅಲ್ಲಿ ಉಳಿದ ರಕ್ತದ ಹಾರ್ಮೋನು ಮಿದುಳಿನದೆಂದು ಎಣಿಕೆಯಾಗಿತ್ತು.

ಹತ್ತು ಇಲಿಗಳನ್ನು ಪೂರ್ತಿ ತೊಳೆದು ಮತ್ತೆ ಅಳೆದ. ಶೇಕಡಾ ನಲವತ್ತಿದ್ದದ್ದು ಬರೀ ಮೂರಕ್ಕೆ ಇಳಿಯಿತು. ಆ ಹಾಳೆಯನ್ನು ಮೂರು ತಿಂಗಳು ಮೇಜಿನ ಖಾನೆಯಲ್ಲಿಟ್ಟು, ಕೊನೆಗೆ ಮುಖ್ಯಸ್ಥೆಯ ಮುಂದಿಟ್ಟ.

“ಮೂರಾದ್ರೂ ಹೆಚ್ಚೇ ತಾನೇ?” ಎಂದಳು ಆಕೆ.

“ನಾನು ಒಂದು ಸಲ ಸೀನಿದ್ರೂ ಅಷ್ಟು ವ್ಯತ್ಯಾಸ ಬರುತ್ತೆ ಮೇಡಂ.”

“ಪಟ್ಟೀಲಿ ನಿಮ್ಮ ಮನೆಯವರೂ ಇದ್ದಾರೆ, ಮರೀಬೇಡಿ.”

“ಮರೆತಿದ್ರೆ ಮೂರು ತಿಂಗಳ ಹಿಂದೇನೇ ಹೇಳಿರ್ತಿದ್ದೆ.”

ಹಾಳೆ ಆಕೆಯ ಖಾನೆ ಸೇರಿತು. ಚುಚ್ಚುಮದ್ದಿನ ದಿನ ಬದಲಾಗಲಿಲ್ಲ. ಹನ್ನೊಂದನೆಯ ಹೆಸರು ಮಾತ್ರ ಬದಲಾಯಿತು. ನಂಬಿಕೆಯಿಲ್ಲದ ಮನೆಯವರನ್ನು ಸೇರಿಸಿಕೊಳ್ಳುವುದು ಸೂಕ್ತವಲ್ಲವೆಂದು ಎರಡು ಸಾಲಿನ ಪತ್ರ ಮನೆಗೆ ಬಂತು.

ಪತ್ರ ಓದಿದ ನಾದಿನಿ ಹರಿಹಾಯ್ದಳು. “ಬಾಯಿ ಮುಚ್ಕೊಂಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಭಾವ?”

“ಆ ಔಷಧ ಮಿದುಳು ಮುಟ್ಟಲ್ಲಮ್ಮ.”

“ಅದು ನಿಮಗೆ ಗೊತ್ತು. ಅಕ್ಕನಿಗೆ? ಚುಚ್ಚುಮದ್ದಿಗೆ ಮುಂಚಿನ ತಪಾಸಣೆ ಇವತ್ತು ಅಂತ ಬೆಳಿಗ್ಗೆಯಿಂದ ತಲೆ ಬಾಚಿಸ್ಕೊಂಡು ಗಾಡಿಗೆ ಕಾಯ್ತಾ ಕೂತಿದ್ದಾಳೆ. ಹೋಗಿ, ನೀವೇ ಹೇಳಿ. ಅಳತೆ ಮಾಡೋರು ನೀವು ತಾನೇ?”

ಆತ ಹೋಗಿ ಹೇಳಿದ. ಹೆಂಡತಿ ಎಡಗೈಯಿಂದ ಹೆರಳನ್ನು ನಿಧಾನವಾಗಿ ಬಿಚ್ಚಿದಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದಳು.

ಸೋಮವಾರ, ಚುಚ್ಚುಮದ್ದಿನ ದಿನ, ಪ್ರಯೋಗಶಾಲೆಯ ಮೊಗಸಾಲೆಯಲ್ಲಿ ಒಬ್ಬಾತ ತನ್ನ ಹೆಂಡತಿಯ ಸೊಂಟ ಹಿಡಿದು ನಡೆಸಿಕೊಂಡು ಬಂದ. ಆಕೆಯ ಕೊರಳಿನ ಚೀಟಿಯಲ್ಲಿ ಹನ್ನೊಂದು ಎಂದಿತ್ತು.

“ಸ್ವಾಮೀ, ಚುಚ್ಚುಮದ್ದಿನ ಕೋಣೆ ಯಾವ ಕಡೆ? ಇವಳಿಗೆ ಕೊನೇ ಗಳಿಗೇಲಿ ಜಾಗ ಸಿಕ್ತು. ಅದೃಷ್ಟ ನೋಡಿ!”

ಆ ಜಾಗಕ್ಕೆ ಕಿಲುಬುಕಾಸಿನ ಬೆಲೆಯಿಲ್ಲವೆಂದು ಊರಿಗೆಲ್ಲ ಮೊದಲು ತಿಳಿದವನು ತಕ್ಕಡಿ. ಆದರೂ ಹೊಟ್ಟೆ ಉರಿಯಿತು.

“ಎಡಗಡೆ ಎರಡನೇ ಬಾಗಿಲು,” ಎಂದ. ಹೇಳಬೇಕಾದದ್ದು ಇನ್ನೂ ಇತ್ತು. ಆ ಉರಿ ಹೇಳಗೊಡಲಿಲ್ಲ.