ಏಳು ವಾರ, ಐದು ವಾರ, ಇಪ್ಪತ್ತನಾಲ್ಕು ದಿನ

“ನೀವು ಕೊಟ್ಟ ತಾರೀಖಿನ ಪ್ರಕಾರ ಇವತ್ತಿಗೆ ಏಳು ವಾರ,” ಎಂದರು ಡಾಕ್ಟರಮ್ಮ, ಸ್ಕ್ಯಾನಿಂಗ್ ಪರದೆಯಿಂದ ಕಣ್ಣು ಕೀಳದೆ. “ಆದರೆ ಇಲ್ಲಿ ಕಾಣ್ತಿರೋದು ಐದು ವಾರದಷ್ಟು. ಗರ್ಭದ ಚೀಲ ಇದೆ. ಹೃದಯದ ಬಡಿತ ಕಾಣ್ತಿಲ್ಲ.”

ಅಂಗಾತ ಮಲಗಿದ್ದ ದೀಪದವಳು ಕತ್ತು ಹೊರಳಿಸಿ ಪರದೆಯತ್ತ ನೋಡಿದಳು. ಹ್ಯಾಚರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ಮರಿ ಮಾಡಲು ಕಾವಿಗಿಟ್ಟ ಮೊಟ್ಟೆಗಳನ್ನು ಏಳನೆಯ ದಿನ ಕತ್ತಲಕೋಣೆಯಲ್ಲಿ ಒಂದೊಂದಾಗಿ ದೀಪಕ್ಕೆ ಹಿಡಿದು ನೋಡುವುದು ಅವಳ ಕೆಲಸ. ಒಳಗೆ ಕೆಂಪು ನರಗಳ ಬಲೆ ಕಂಡರೆ ಮೊಟ್ಟೆ ತಟ್ಟೆಗೆ ಮರಳುತ್ತಿತ್ತು, ಕಾಣದಿದ್ದರೆ ಬಕೆಟ್ಟಿಗೆ. ‘ಕಾಣ್ತಿಲ್ಲ’ ಎಂಬ ಮಾತಿನ ಅರ್ಥವನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಹೋಯ್ತಾ ಡಾಕ್ಟ್ರೇ?”

“ಹಾಗಂತ ನಾನು ಹೇಳಲಿಲ್ಲಮ್ಮ. ಒಂದೋ ಬೆಳವಣಿಗೆ ನಿಂತಿದೆ, ಇಲ್ಲಾ ನಮ್ಮ ಲೆಕ್ಕ ತಪ್ಪಿದೆ. ಹನ್ನೆರಡು ದಿನ ಬಿಟ್ಟು ಬನ್ನಿ, ಅಲ್ಲೀವರೆಗೂ ಯಾವ ತೀರ್ಮಾನಾನೂ ಬೇಡ. ನೋವು ಜೋರಾದ್ರೆ, ರಕ್ತ ಹೋದ್ರೆ ಮಾತ್ರ ಕೂಡಲೇ ಬನ್ನಿ.”

ಮದುವೆಯಾದ ಆರು ವರ್ಷಕ್ಕೆ ಮೊದಲ ಬಾರಿಗೆ ನಿಂತ ಗರ್ಭ. ಅದಕ್ಕೀಗ ಎರಡು ವಯಸ್ಸು, ಎರಡರಲ್ಲಿ ಒಂದು ಸಾವು. ಮೊಗಸಾಲೆಯ ಬೆಂಚಿನ ಮೇಲೆ ಚೀಲ ತಬ್ಬಿ ಕುಳಿತಿದ್ದ ಅತ್ತೆಗೆ ಅವಳು ಕೇಳಿದ್ದನ್ನು ಕೇಳಿದ ಹಾಗೆಯೇ ಒಪ್ಪಿಸಿದಳು.

ಇಬ್ಬರೂ ಬಸ್ಸು ಹತ್ತಿದರು. ಕಿಟಕಿಯ ಪಕ್ಕ ಕುಳಿತ ಮೇಲೆ ಅತ್ತೆಯ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಓಡಾಡತೊಡಗಿತು.

“ನಿನ್ನ ಗಂಡ ಸೇತುವೆ ಕೆಲಸಕ್ಕೆ ಅಂತ ಕ್ರೇನ್ ಹತ್ತೋಕೆ ಹೋದದ್ದು ಹೋದ ತಿಂಗಳು ಶುರುವಾಗೋಕ್ಕೂ ಮುಂಚೆ. ಏಳು ವಾರ ಅಂದ್ರೆ ಅವನು ಊರಲ್ಲೇ ಇರಲಿಲ್ಲ. ಹೋಗ್ಲಿ, ಐದು ಅನ್ನು. ಆಗಲೂ ಇರಲಿಲ್ಲ. ಹೋದ ತಿಂಗಳ ಇಪ್ಪತ್ತೆಂಟಕ್ಕೆ ಬಂದ, ನಾಲ್ಕು ದಿನ ಇದ್ದ, ಹೋದ. ಬಂದ ದಿನದಿಂದ ಎಣಿಸಿದ್ರೂ ಇವತ್ತಿಗೆ ಇಪ್ಪತ್ತನಾಲ್ಕು ದಿನ.”

“ಅತ್ತೆ, ನೀವು ಏನು ಕೇಳ್ತಿದ್ದೀರಿ?”

“ನಾನು ಕೇಳ್ತಿಲ್ಲ ಕಣೇ. ಲೆಕ್ಕ ಕೇಳ್ತಿದೆ.”

ಅವಳಿಗೆ ಸಿಟ್ಟು ಬರಬೇಕಾಗಿತ್ತು, ಬಂದದ್ದು ದಿಗಿಲು. ಏಕೆಂದರೆ ಲೆಕ್ಕ ಸರಿಯಾಗಿತ್ತು.

ಎರಡು ದಿನ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಅವಳ ಮನಸ್ಸು ಒಮ್ಮೆ ಏಳರ ಕಡೆಗೆ, ಒಮ್ಮೆ ಐದರ ಕಡೆಗೆ ಎಳೆದಾಡಿತು. ಏಳಾದರೆ ಕೂಸು ಉಳಿದಿಲ್ಲ. ಐದಾದರೆ ಉಳಿದಿರಬಹುದು, ಆದರೆ ಅವಳ ಮಾನ ಉಳಿಯುವುದಿಲ್ಲ. ತಾನು ತಪ್ಪು ಮಾಡಿಲ್ಲವೆಂಬುದು ತನ್ನ ಹೆಸರಿನಷ್ಟೇ ಖಚಿತ. ಆದರೂ ಕ್ಯಾಲೆಂಡರಿನ ಮುಂದೆ ನಿಂತಾಗಲೆಲ್ಲ ಅವಳಿಗೆ ಕಳ್ಳಿಯಂತೆ ಕಣ್ಣು ತಗ್ಗಿಸುವಂತಾಗುತ್ತಿತ್ತು.

ಮೂರನೆಯ ದಿನ ಕತ್ತಲಕೋಣೆಯಲ್ಲಿ ಒಂದು ತಟ್ಟೆ ಕೈಗೆ ಬಂತು. ಚೀಟಿಯಲ್ಲಿ ಏಳನೆಯ ದಿನ ಎಂದಿತ್ತು. ಮೊದಲ ಮೊಟ್ಟೆಯಲ್ಲಿ ನರಗಳ ಬಲೆಯಿಲ್ಲ, ಎರಡನೆಯದರಲ್ಲಿ ಇಲ್ಲ, ಹತ್ತನೆಯದರಲ್ಲೂ ಇಲ್ಲ.

“ಇಡೀ ತಟ್ಟೆ ಕೆಟ್ಟಿದೆ, ಬಕೆಟ್ಟಿಗೆ ಸುರೀರಿ ದೀಪದಮ್ಮ,” ಎಂದ ಮೇಸ್ತ್ರಿ ಬಾಗಿಲಲ್ಲಿ ನಿಂತು.

“ಒಂದೆರಡು ಸಾಯ್ತವೆ. ಇಡೀ ತಟ್ಟೆ ಮಾತಾಡಿಕೊಂಡು ಒಟ್ಟಿಗೆ ಸಾಯುತ್ತಾ? ಮೊದಲು ಚೀಟಿ ಬರೆದೋರು ಯಾರು ನೋಡಿ.”

ಮೇಸ್ತ್ರಿ ಗೊಣಗುತ್ತ ಪುಸ್ತಕ ತಿರುವಿದ. ತಟ್ಟೆಗೆ ಚೀಟಿ ಅಂಟಿಸಿದ ದಿನ ಯಂತ್ರದಲ್ಲಿ ಜಾಗವಿರಲಿಲ್ಲ. ಅದು ನಾಲ್ಕು ದಿನ ತಣ್ಣನೆಯ ಕೋಣೆಯಲ್ಲಿ ಕಾದು ಆಮೇಲೆ ಕಾವಿಗೆ ಹೋಗಿತ್ತು. ವಯಸ್ಸಾಗಿದ್ದದ್ದು ಚೀಟಿಗೆ, ಮೊಟ್ಟೆಗಲ್ಲ.

ಅವಳು ಮೊಟ್ಟೆಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಆಸ್ಪತ್ರೆಯ ಚೀಟಿಗೆ ತಾರೀಖು ಕೊಟ್ಟವಳು ತಾನೇ: ಹೋದ ತಿಂಗಳ ಮೂರು, ಮುಟ್ಟಾದ ಮೊದಲ ದಿನ. ಆಗ ಗಂಡ ಇರಲಿಲ್ಲ. ಇಪ್ಪತ್ತೆಂಟರವರೆಗೂ ಇರಲಿಲ್ಲ. ಅತ್ತೆ ತನ್ನ ಕುತ್ತಿಗೆಗೆ ಹಗ್ಗವಾಗಿಸಿದ್ದ ಆ ಮಾತನ್ನು ಅವಳು ಮೊದಲ ಬಾರಿಗೆ ಮಗ್ಗುಲು ಹೊರಳಿಸಿ ನೋಡಿದಳು. ಗಂಡನಿಲ್ಲದ ದಿನಗಳಲ್ಲಿ ಕೂಸು ನಿಂತಿರಲು ಸಾಧ್ಯವಿಲ್ಲ. ಅದನ್ನು ಖಚಿತವಾಗಿ ಬಲ್ಲವರು ಜಗತ್ತಿನಲ್ಲಿ ಒಬ್ಬರೇ, ಅದು ತಾನು. ಯಾವ ಪರದೆಯೂ ಅದನ್ನು ತೋರಿಸಲಾರದು. ಹಾಗಾದರೆ ಒಳಗಿರುವುದಕ್ಕೆ ಆಸ್ಪತ್ರೆಗೆ ಹೋದ ದಿನಕ್ಕೆ ಇಪ್ಪತ್ತನಾಲ್ಕು ದಿನ ಮೀರಿರಲಾರದು. ಆದರೆ ಡಾಕ್ಟರಮ್ಮ ಕಂಡ ಐದು ವಾರ? ಗಂಟು ಒಂದು ಕಡೆ ಬಿಚ್ಚಿ ಇನ್ನೊಂದು ಕಡೆ ಬಿಗಿಯಿತು.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡಲಿಲ್ಲ. “ನಡೀರಿ ಅತ್ತೆ. ಬಸ್ಸಲ್ಲಿ ಹೇಳಿದ ಲೆಕ್ಕಾನ ಡಾಕ್ಟರಮ್ಮನ ಮುಂದೆ ಹೇಳಿ.”

“ಮನೆ ಮರ್ಯಾದೆ ಪ್ರಶ್ನೆ ಕಣೇ, ಹೊರಗಿನೋರ ಮುಂದೆ…”

“ಒಂದು ದಿನಾನೂ ಬಿಡದೆ ಹೇಳಿ.”

ಆಸ್ಪತ್ರೆಯಲ್ಲಿ ಅತ್ತೆ ಸೆರಗು ತಿರುಚುತ್ತ ಹೇಳಿದರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

“ಇದನ್ನ ಮೊದಲೇ ಯಾಕೆ ಹೇಳಲಿಲ್ಲ?”

“ಫಾರ್ಮಲ್ಲಿ ಒಂದೇ ತಾರೀಖಿಗೆ ಜಾಗ ಇತ್ತು,” ಎಂದಳು ಅವಳು.

“ನೋಡಮ್ಮ, ಗರ್ಭ ನಿಂತ ದಿನ ಯಾರಿಗೂ ಸರಿಯಾಗಿ ಗೊತ್ತಿರಲ್ಲ. ಅದಕ್ಕೇ ಮುಟ್ಟಿನ ಮೊದಲ ದಿನದಿಂದ ಎಣಿಸ್ತೀವಿ. ಅಂಡ ಹೊರಗೆ ಬರೋದು ಸಾಮಾನ್ಯವಾಗಿ ಅಲ್ಲಿಂದ ಎರಡು ವಾರಕ್ಕೆ. ಬಂದ ಮೇಲೆ ಅದು ಬದುಕೋದು ಒಂದು ದಿನ. ಗಂಡಸಿನ ಬೀಜ ಹೆಚ್ಚಂದ್ರೆ ಐದು ದಿನ ಕಾಯುತ್ತೆ. ನಿಮಗೆ ಮುಟ್ಟು ತಿಂಗಳಿಗೆ ಸರಿಯಾಗಿ ಬರುತ್ತಾ?”

“ಒಂದ್ಸಲ ಇಪ್ಪತ್ತೆಂಟು ದಿನಕ್ಕೆ, ಒಂದ್ಸಲ ನಲವತ್ತಕ್ಕೆ.”

“ಹಾಗಾದ್ರೆ ಈ ಸಲ ಅಂಡ ತಡವಾಗಿ ಬಂದಿರಬೇಕು, ನಿಮ್ಮೆಜಮಾನ್ರು ಬಂದ ಹೊತ್ತಿಗೆ. ಅಲ್ಲಿಂದ ಸ್ಕ್ಯಾನ್ ಮಾಡಿದ ದಿನಕ್ಕೆ ಮೂರು ವಾರದ ಮೇಲೆ ಸ್ವಲ್ಪ. ಅದಕ್ಕೆ ವಾಡಿಕೆಯ ಎರಡು ವಾರ ಸೇರಿಸಿದ್ರೆ ಐದು ಚಿಲ್ಲರೆ. ಪರದೆ ಹೇಳಿದ್ದೂ ಅದನ್ನೇ. ಅಷ್ಟಕ್ಕೆ ಬಡಿತ ಕಾಣದೇ ಇರಬಹುದು.”

“ಇಲ್ಲದ ಎರಡು ವಾರಾನೂ ಸೇರಿಸ್ತೀರಾ?” ಅತ್ತೆಯ ಹುಬ್ಬು ಹಣೆ ಏರಿತು. “ಕೂಸು ಹುಟ್ಟೋಕ್ಕೆ ಮುಂಚೆ ಕುಲಾವಿ ಹೊಲಿಯೋರನ್ನ ಕಂಡಿದ್ದೀನಿ. ಕೂಸು ನಿಲ್ಲೋಕ್ಕೆ ಮುಂಚೇನೇ ವಯಸ್ಸು ಎಣಿಸೋರನ್ನ ಇವತ್ತೇ ಕಂಡೆ.”

ಡಾಕ್ಟರಮ್ಮ ನಕ್ಕರು. ಆಮೇಲೆ ನಗು ತೆಗೆದಿಟ್ಟು ಹೇಳಿದರು: “ಲೆಕ್ಕ ಕೂಡಿ ಬಂತು ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತಲ್ಲ. ಮೊದಲು ಹೇಳಿದ ದಿನಕ್ಕೇ ಬನ್ನಿ.”

ದಾರಿಯಲ್ಲಿ ಅತ್ತೆ, “ನಾನು ಹಾಗೆ ಕೇಳಬಾರದಿತ್ತು,” ಎಂದರು.

“ಕೇಳಬಾರದಿತ್ತು,” ಎಂದಳು ಅವಳು. ಮರುದಿನದಿಂದ ನೀರಿನ ಕೊಡ ಎತ್ತಲು ಅತ್ತೆ ಅವಳನ್ನು ಬಿಡಲಿಲ್ಲ.

ಹನ್ನೆರಡನೆಯ ದಿನ ಅತ್ತೆ ಬೆಂಚಿನ ಮೇಲೆ ಕೂರದೆ ಒಳಗೇ ಬಂದು ಗೋಡೆಗೆ ಒರಗಿ ನಿಂತರು. ಪರದೆಯ ಬೂದು ಮಬ್ಬಿನಲ್ಲಿ ಏನೂ ಕಾಣಲಿಲ್ಲ. ಡಾಕ್ಟರಮ್ಮ ಕೈಯನ್ನು ಅತ್ತಿತ್ತ ಹೊರಳಿಸಿದರು, ನಿಲ್ಲಿಸಿದರು. ಅಕ್ಕಿಕಾಳಿನಷ್ಟು ಬಿಳುಪಿನ ನಡುವೆ ಏನೋ ಮಿಣಮಿಣ ಎನ್ನುತ್ತಿತ್ತು, ನಿಲ್ಲದೆ, ಅವಸರವಸರವಾಗಿ.

“ಅದೇ ಹೃದಯ. ಇವತ್ತಿಗೆ ಏಳು ವಾರ.”

“ಅವತ್ತೂ ಏಳೇ ಅಂದಿದ್ರಲ್ಲ?” ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ.

“ಅವತ್ತಿನ ಏಳು ಚೀಟಿಯದು. ಇವತ್ತಿನದು ಮಗುವಿಂದು.”

ಹೊರಗೆ ಬಂದವಳೇ ಗಂಡನಿಗೆ ಫೋನ್ ಮಾಡಿದಳು. ಆ ಕಡೆ ಕ್ರೇನಿನ ಗಡಗಡ ಸದ್ದು. “ಬಡಿತ ಕಾಣ್ತು ರೀ. ಏಳು ವಾರ ಅಂತೆ.”

“ಏಳಾ?” ಅವನ ದನಿ ಹಿಗ್ಗಿತು, ಮರುಗಳಿಗೆಯಲ್ಲಿ ತಗ್ಗಿತು. “ಏಳು ವಾರದ ಹಿಂದೆ ನಾನು ಇಲ್ಲೇ ಇದ್ದೆನಲ್ಲ…”

ಮತ್ತೆ ಮೊದಲಿನಿಂದ ಹೇಳಬೇಕು: ಅಂಡ, ದಿನ, ಸೇರಿಸಿದ ಎರಡು ವಾರ. ಯಾವ ತುದಿಯಿಂದ ಹಿಡಿಯುವುದೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಅತ್ತೆ ಫೋನನ್ನು ಕಿತ್ತುಕೊಂಡಿದ್ದರು.

“ಲೋ, ಅದರಲ್ಲಿ ಎರಡು ವಾರ ಡಾಕ್ಟರಮ್ಮಂದು, ಐದು ವಾರ ನಿಂದು. ಯಾಕೆ ಅಂತ ನನ್ನ ಕೇಳಬೇಡ, ನನಗಿನ್ನೂ ಪೂರ್ತಿ ತಲೆಗೆ ಹತ್ತಿಲ್ಲ. ಇವತ್ತಿಗೆ ಐದು ವಾರದ ಹಿಂದೆ ನೀನು ಎಲ್ಲಿದ್ದೆ, ಅದನ್ನ ಎಣಿಸಿ ಹೇಳು.”

ಆ ಕಡೆ ಗಡಗಡ ನಿಂತಿತು. ಅವನು ದಿನ ಎಣಿಸುವ ಗೊಣಗು ಕೇಳಿಸಿತು.

“ಮನೇಲಿದ್ದೆ,” ಎಂದ ಅವನು.

“ಹಾಂ. ಈಗ ರಜೆ ಕೇಳಿ ಬಾ.” ಅತ್ತೆ ಫೋನನ್ನು ಸೊಸೆಯ ಕೈಗಿಟ್ಟು ಬಸ್ಸಿನ ಕಡೆ ನಡೆದರು, ಹೆಬ್ಬೆರಳು ಗೆಣ್ಣುಗಳ ಮೇಲೆ ಆಡಿಸುತ್ತಲೇ.