ವಿಶ್ವನಾಥನ ಕಾರ್ಡುಗಳು

ವಿಶ್ವನಾಥನ ಹೆಣಕ್ಕೆ ಹೊಸ ಧೋತರ ಸುತ್ತುತ್ತಿದ್ದಾಗಲೇ ಪ್ರೊಫೆಸರ್ ಕಲ್ಯಾಣಪ್ಪ ಡಬ್ಬಿಯ ಮಾತು ತೆಗೆದರು. ಡಬ್ಬಿಯಲ್ಲಿದ್ದದ್ದು ಕಂಪ್ಯೂಟರಿಗೆ ಉಣಿಸುವ ತೂತಿನ ಕಾರ್ಡುಗಳು, ಸತ್ತವನ ಹತ್ತು ವರ್ಷದ ಲೆಕ್ಕ. ಕಲ್ಯಾಣಪ್ಪ ಅಕ್ಕಲಕೋಟೆಯವರು, ಪುಣೆಯಲ್ಲಿ ದೊಡ್ಡ ಹುದ್ದೆ, ವಿಶ್ವನಾಥನ ಪಿಎಚ್.ಡಿ.ಗೆ ಮಾರ್ಗದರ್ಶಕರು. ಸೋಲಾಪುರದ ತನಕ ಕಾರು ಮಾಡಿಕೊಂಡು ಬಂದ ದೊಡ್ಡ ಮನುಷ್ಯರೆಂದು ನೆಂಟರು ಕುರ್ಚಿ ಒರೆಸಿಕೊಟ್ಟಿದ್ದರು. ಬಂದದ್ದು ಯಾತಕ್ಕೆಂದು ಈಗ ತಿಳಿಯಿತು.

ವಿಶ್ವನಾಥನ ಹೆಂಡತಿ ದ್ವಾರಕಾ ಅಳು ನಿಲ್ಲಿಸಿ ಮೈದುನ ಅನಂತನನ್ನು ಒಳಗೆ ಕರೆದಳು.

"ಸ್ಮಶಾನದಾಗ ಶೋಕಸಭಾ ಮಾಡ್ತಾರಲ್ಲ, ಅಲ್ಲಿ ಪ್ರೊಫೆಸರ್ ನಿಮ್ಮಣ್ಣಗ ಒಂದ ಸಲ ಡಾಕ್ಟರ್ ಅನ್ನಲಿ. ಡಬ್ಬಿ ಕೊಡ್ತೀನಿ ಅಂತ ಹೇಳು."

ಅನಂತ ಹೇಳಿದ. ಪ್ರೊಫೆಸರರು ಆಗಲಿ ಎಂದು ತಲೆಯಾಡಿಸಿದರು.

ಮಧ್ಯಾಹ್ನ ಅನಂತ ಸ್ಮಶಾನದಿಂದ ಮರಳಿದಾಗ ಅವರ ಕಾರೂ ಹಿಂದೆಯೇ ಬಂತು. ದ್ವಾರಕಾ ಬಾಗಿಲಲ್ಲೇ ಕೇಳಿದಳು.

"ಭಾಳ ಛೊಲೊ ಮಾತಾಡಿದ್ರು ವೈನಿ. ಇಷ್ಟು ನಿಷ್ಠೆಯಿಂದ ಮದತ್ ಮಾಡಾಂವ ನನಗ ಮತ್ತ ಸಿಗೂದಿಲ್ಲ ಅಂದ್ರು."

"ಡಾಕ್ಟರ್ ಅಂದ್ರೋ ಇಲ್ಲೋ?"

"ಇಲ್ಲ."

*

ಅಣೆಕಟ್ಟಿನ ಅಡಿಯಲ್ಲಿ ನೀರು ಹೇಗೆ ಜಿನುಗುತ್ತದೆಂದು ತಿಳಿಯಲು ಒಳಗಿನ ನೆಲವನ್ನೆಲ್ಲ ಚೂರುಚೂರಾಗಿ ಅಳೆಯಬೇಕಿಲ್ಲ, ಅಂಚಿನ ಮೇಲಷ್ಟೇ ಸಂಮಿಶ್ರ ಸಂಖ್ಯೆಗಳ ಲೆಕ್ಕ ಹಾಕಿದರೆ ಸಾಕು ಎಂಬುದು ಲೆಕ್ಚರರ್ ವಿಶ್ವನಾಥನ ಹಟ. ಪ್ರತಿ ರಜೆಯಲ್ಲೂ ಡಬ್ಬಿ ಹೊತ್ತು ಪುಣೆಯ ಬಸ್ಸು ಹತ್ತುತ್ತಿದ್ದ. ಹೆಂಡತಿಯನ್ನು ಒಮ್ಮೆಯೂ ಕರೆದೊಯ್ಯಲಿಲ್ಲ. ಕಲ್ಯಾಣಪ್ಪ ಪ್ರಬಂಧವನ್ನು ಮತ್ತೆ ಮತ್ತೆ ತಿದ್ದಿಸಿದರು, ಪದವಿ ಕೊಡಿಸಲೇ ಇಲ್ಲ; ಲೆಕ್ಕವನ್ನು ಮಾತ್ರ ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸತೊಡಗಿದರು.

ಒಮ್ಮೆ ದ್ವಾರಕಾ ಧೂಳು ಹೊಡೆಯಲು ಕಾರ್ಡುಗಳನ್ನು ಹೊರಗೆ ತೆಗೆದಳು. ವಿಶ್ವನಾಥ ಕೈಮೇಲೆ ಬಾರಿಸಿದ. "ಒಂದ ಕಾರ್ಡ್ ಹಿಂದ ಮುಂದ ಆದ್ರ ಎಲ್ಲಾ ಮಣ್ಣಾಗ ಹೋಗ್ತದ. ಇದರದು ಇನ್ನೊಂದು ಪ್ರತಿ ಇಲ್ಲ."

*

ಅನಂತನ ಮಾತು ಕೇಳಿದ್ದೇ ದ್ವಾರಕಾ ಒಳಗೆ ಹೋಗಿ ಚಿಲಕ ಹಾಕಿದಳು. ಡಬ್ಬಿಯನ್ನು ನೆಲಕ್ಕೆ ಬೋರಲು ಹಾಕಿ, ಎರಡೂ ಕೈಯಿಂದ ಕಾರ್ಡುಗಳನ್ನು ಕಲಸಿದಳು. ಗಂಡನ ಬದುಕೂ ಇದರ ಜೊತೆಗೇ ಹೋಗುತ್ತದೆಂದು ಗೊತ್ತಿತ್ತು. ಕಣ್ಣೊರೆಸಿಕೊಂಡು ಮತ್ತೊಮ್ಮೆ ಕಲಸಿದಳು. ಆಮೇಲೆ ಎಲ್ಲವನ್ನೂ ಬಳಿದು, ನೆಲಕ್ಕೆ ಕುಟ್ಟಿ ಸಮ ಮಾಡಿ, ಡಬ್ಬಿಗೆ ತುಂಬಿದಳು.

ಪ್ರೊಫೆಸರರು ಮುಚ್ಚಳ ತೆಗೆದು ನೋಡಿದರು. ಬಹಳ ಅಚ್ಚುಕಟ್ಟಾಗಿ ಇಟ್ಟಿದ್ದೀರಿ ಎಂದು ಹೊಗಳಿದರು.

"ಎಲ್ಲಾ ಅದರಾಗ ಅದಾವ್ರಿ," ಎಂದಳು ದ್ವಾರಕಾ. "ಒಂದೂ ಕಳದಿಲ್ಲ."

ಚಾಲಕ ಡಬ್ಬಿಯನ್ನು ಹಿಂದೆ ಇಡಲು ಕೈಚಾಚಿದ. ಅವರು ಕೊಡಲಿಲ್ಲ. ಸೀಟಿನಲ್ಲಿ ಕೂತು, ಅದನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ತೋಳಿನಿಂದ ತಬ್ಬಿ ಹಿಡಿದರು.